ಮದುವೆಯ ಹೂವು

ಪೆರೇಸಂದ್ರವಿರುವ ಈ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸೇವಂತಿಗೆಯೂ ಗುಲಾಬಿಯೂ ಧಾರಾಳವಾಗಿ ಬೆಳೆಯುತ್ತವೆ. ಮದುವೆಗೆ ಯಾವದನ್ನು ಆರಿಸೋಣ? 1840ರಲ್ಲಿ ವಿಕ್ಟೋರಿಯಾ ರಾಣಿಯು ತನ್ನ ವಿವಾಹದಲ್ಲಿ ಸಂತಾನಸಮೃದ್ಧಿಯ ಗುರುತಾದ ಕಿತ್ತಳೆಯ ಹೂವನ್ನು ಮುಡಿದಳು. ನಮ್ಮ ನಾಡಿನವರು ಮುಡಿಯ ಹೂವನ್ನು ಮುತ್ತೈದೆತನದ ಗುರುತೆಂದೆಣಿಸುತ್ತಾರೆ; ಆದದರಿಂದಲೇ ವಿಧವೆಯಾದ ತಾಯಿಯು ಸ್ವಂತ ಮಗಳ ಮದುವೆಯಲ್ಲಿಯೂ ಹಿಂದೆ ನಿಲ್ಲುತ್ತಾಳೆ.

ಕರ್ತನಾದರೋ ಅಡವಿಯ ಹೂವುಗಳನ್ನು ತೋರಿಸಿ ತಂದೆಯ ಪರಾಮರಿಕೆಯನ್ನು ಬೋಧಿಸಿದನು (ಮತ್ತಾಯ 6:28–30). ಆ ಪರಾಮರಿಕೆಯು ವಿಧವೆಗಿಲ್ಲವೋ? ನಾಯಿನೆಂಬ ಊರಿನ ವಿಧವೆಯನ್ನು ಕಂಡು ಆತನು ಕನಿಕರಪಟ್ಟನಲ್ಲವೇ (ಲೂಕ 7:11–15)?

ಸಾಲಮಾಡದೆ, ಕೈಗೆ ಸಿಕ್ಕುವ ಯಾವ ಹೂವನ್ನಾದರೂ ಆರಿಸಿರಿ. ಆದರೆ ಮೊದಲನೆಯ ಹೂವನ್ನು ಆ ತಾಯಿಗೆ ಮುಡಿಸಿರಿ. ಮದುಮಗಳಿಗೆ ಆಕೆಯ ಕೈಯಿಂದಲೇ ಮುಡಿಸಿರಿ. ಕಾನಾ ಊರಿನ ಮದುವೆಗೆ ಬಂದಾತನು ನಿಮ್ಮ ಚಪ್ಪರಕ್ಕೂ ಬಂದು ಆಶೀರ್ವದಿಸಲಿ. ಆಮೆನ್.