ಆಟಿ ತಿಂಗಳ ತಗಚಿ ಪಲ್ಯ

 

ಬಂಧುಗಳೇ, ವರ್ಷಾವಾಸ ನಡೆದಿದೆ. ಮಳೆಗಾಲದಲ್ಲೂ ತಿರುಗಾಡಿ ಹಸಿರು ಹುಲ್ಲನ್ನು, ಹುಳುಹುಪ್ಪಟೆಗಳನ್ನು ತುಳಿಯುತ್ತಾರೆಂದು ಜನ ಆಕ್ಷೇಪಿಸಿದಾಗ, ಭಿಕ್ಷುಗಳು ಮೂರು ತಿಂಗಳು ಒಂದೆಡೆ ನಿಲ್ಲಲಿ ಎಂದು ಭಗವಾನರು ನಿಯಮ ಮಾಡಿದ್ದು ವಿನಯಪಿಟಕದಲ್ಲಿದೆ. ಕಳೆದ ವರ್ಷ ಇದೇ ದಿನಗಳಲ್ಲಿ ನಾನು ಮಂಗಳೂರಿನಲ್ಲಿದ್ದೆ. ಅಲ್ಲಿ ಕಂಡ ಒಂದು ಊಟದ ಮಾತು ಇವತ್ತಿನ ಚಿಂತನೆಗೆ.

ನನ್ನ ತಮ್ಮ ಅಲ್ಲಿ ಗಾರೆ ಕೆಲಸ ಮಾಡುತ್ತಾನೆ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಮನೆಗಳ ಮಕ್ಕಳು ಹೀಗೆ ಕರಾವಳಿಗೆ ದುಡಿಯಲು ಹೋದವರೇ. ಅವ್ವನನ್ನು ಕರೆದುಕೊಂಡು ಹೋಗಿ ವರ್ಷವಾಗಿತ್ತು. ಅವಳಿಗೆ ಊಟ ಸೇರುತ್ತಿಲ್ಲವೆಂದು ಫೋನು ಬಂದಾಗಲೆಲ್ಲ ನಾನು ಬಸ್ಸಿನಲ್ಲಿ ಜೋಳದ ಕಟಿರೊಟ್ಟಿ ಕಳಿಸುತ್ತಿದ್ದೆ. ಆ ಮಳೆಯ ಥಂಡಿಗೆ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗಿ, ನಾಲ್ಕನೇ ದಿನಕ್ಕೆ ಬೂಸ್ಟು ಹಿಡಿಯುತ್ತಿತ್ತಂತೆ. ಅವ್ವ ಅದನ್ನು ನನಗೆ ಹೇಳಿರಲೇ ಇಲ್ಲ.

ತಮ್ಮ ಮಾತ್ರ ಆ ಊರಿನ ಪಂಚಾಂಗವನ್ನು ಹೊಟ್ಟೆಯಿಂದಲೇ ಕಲಿತುಬಿಟ್ಟಿದ್ದ. ಬೇಸಿಗೆಗೆ ಹಲಸು, ಮಾವು, ಪುನರ್ಪುಳಿ ಪಾನಕ. ಮಳೆ ಹಿಡಿದರೆ ಕೆಸುವಿನೆಲೆಯ ಪತ್ರೊಡೆ, ಕಣಿಲೆ, ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ; ಅದು ಮೀನು ಮರಿ ಮಾಡುವ ಕಾಲ. ಆಮೇಲೆ ಬಂಗುಡೆ, ಬೂತಾಯಿಯ ರಾಶಿ. ಅಶೋಕನೂ ತನ್ನ ಐದನೇ ಸ್ತಂಭಶಾಸನದಲ್ಲಿ ಚಾತುರ್ಮಾಸ್ಯದ ಮೂರು ಹುಣ್ಣಿಮೆಗಳ ಹೊತ್ತಿಗೆ ಮೀನು ಕೊಲ್ಲಬಾರದು, ಮಾರಬಾರದು ಎಂದಿದ್ದಾನೆ. (ಉಪಾಸಕರು ಮೀನು ತಿನ್ನಬಹುದೇ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ಗ್ರೂಪಿನಲ್ಲಿ ಈಗಲೇ ಶುರು ಮಾಡಬೇಡಿ.)

ನಾನು ಹೋದದ್ದು ತುಳುವರ ಆಟಿ ತಿಂಗಳಲ್ಲಿ, ಜುಲೈ ಕೊನೆಗೆ. ಪಕ್ಕದ ಮನೆಯ ಅಕ್ಕ ಒಂದು ಬಟ್ಟಲು ಪಲ್ಯ ತಂದರು. ಹಲಸಿನ ಬೀಜ, ತೆಂಗಿನಕಾಯಿ ತುರಿ ಹಾಕಿದ ತಜಂಕ್. "ಆಟಿಯಲ್ಲಿ ಇದನ್ನು ತಿನ್ನಲೇಬೇಕಮ್ಮ" ಎಂದರು. ಅವ್ವ ಮುಚ್ಚಳ ತೆಗೆದು ನೋಡಿದವಳೇ ಬಟ್ಟಲನ್ನು ಅತ್ತ ಸರಿಸಿದಳು.

"ಇದು ತಗಚಿ ಐತಿ. ನಾ ಒಲ್ಲೆ."

ನಮ್ಮ ಹೊಲದ ಬದುವಿನ, ರಸ್ತೆ ಬದಿಯ ಅದೇ ತಗಚಿ. ಎಪ್ಪತ್ತೆರಡರ ಬರದಲ್ಲಿ ಅವ್ವನಿಗೆ ಹದಿನಾಲ್ಕು ವರ್ಷ. ನಮ್ಮಜ್ಜಿ ಕತ್ತಲಿರುವಾಗಲೇ ಹೋಗಿ ತಗಚಿ ಕಿತ್ತು ತಂದು, ಉಪ್ಪು ಹಾಕಿ ಕುದಿಸಿ ಬಡಿಸುತ್ತಿದ್ದಳು. "ಯಾರರ ಕೇಳಿದ್ರ ಬ್ಯಾಳಿ ಉಂಡೀವಿ ಅನ್ರಿ" ಎಂದು ಮಕ್ಕಳಿಗೆ ಕಲಿಸಿದ್ದಳು. ಬರಕ್ಕಿಂತ ಆ ಸುಳ್ಳು ಅವ್ವನಿಗೆ ಹೆಚ್ಚು ನೆನಪಿತ್ತು. ನಲವತ್ತು ದಾಟಿದ ನನಗೆ ಇದನ್ನು ಅವಳು ಹೇಳಿದ್ದು ಅಂದೇ ಮೊದಲು.

ಆ ಅಕ್ಕ ನಕ್ಕು ಮಾತು ಮರೆಸಲಿಲ್ಲ. ನೆಲದ ಮೇಲೆ ಅವ್ವನ ಎದುರಿಗೇ ಕೂತರು. "ನಮ್ಮಲ್ಲಿಯೂ ಹಾಗೇ ಅಮ್ಮ. ಆಟಿ ಅಂದರೆ ಗದ್ದೆ ಕೆಲಸ ಮುಗಿದು ಕೂಲಿ ಇಲ್ಲ, ಕಡಲಿಗೆ ಹೋಗುವ ಹಾಗಿಲ್ಲ, ಅಕ್ಕಿ ಮುಗಿದಿರುತ್ತಿತ್ತು. ಬೇರೆ ಏನೂ ಇಲ್ಲ ಅಂತಲೇ ನನ್ನ ಅಜ್ಜಿ ಇದನ್ನು ಮಾಡುತ್ತಿದ್ದದ್ದು. ಈಗ ಹಾಲ್‌ನಲ್ಲಿ 'ಆಟಿಡೊಂಜಿ ದಿನ' ಅಂತ ಮಾಡಿ ಬಡಿಸ್ತಾರೆ." ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಅವ್ವ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

ಉಣ್ಣುವ ಮುನ್ನ ನಾವು ಮಾಡುವ ಪ್ರತ್ಯವೇಕ್ಷಣೆಯ ಭಾವ ನಿಮಗೆ ಗೊತ್ತು: ಈ ಅನ್ನ ಮೋಜಿಗಲ್ಲ, ಮದಕ್ಕಲ್ಲ, ಅಲಂಕಾರಕ್ಕಲ್ಲ, ದೇಹ ನಡೆಯಲು, ಹಸಿವಿನ ನೋವು ನೀಗಲು. ಮದ ಎಂದರೆ ಉಳ್ಳವರ ಸೊಕ್ಕು ಎಂದೇ ನಾನು ತಿಳಿದಿದ್ದೆ. ಐವತ್ತು ವರ್ಷ ಅವ್ವನ ನಾಲಿಗೆಯ ಮೇಲೆ ಕೂತಿದ್ದ ನಾಚಿಕೆಯನ್ನು ಯಾವ ಲೆಕ್ಕಕ್ಕೆ ಹಾಕಲಿ? ಅದು ಅವಳದಲ್ಲ, ನೋಡುವವರ ಕಣ್ಣು ಅವಳಲ್ಲಿ ಬಿಟ್ಟುಹೋದದ್ದು. ಋತುಮಾನಕ್ಕೆ ತಕ್ಕ ಊಟವೆಂದು ಇಂದು ನಾವು ಹೊಗಳುವುದರಲ್ಲಿ ಎಷ್ಟೋ ಪಾಲು ಬಡವರು ಬೇರೆ ದಾರಿಯಿಲ್ಲದೆ ಉಂಡದ್ದು. ನಮ್ಮ ಎಳ್ಳಮಾಸಿಯ ಕಡ್ಲಿ ಪಲ್ಯ, ಸಜ್ಜಿ ರೊಟ್ಟಿಯ ಸಂಭ್ರಮವನ್ನು ಹೇಳುವಾಗಲೂ, ಬುಟ್ಟಿ ತುಂಬಿ ಹೊಲಕ್ಕೆ ಹೋದವರು ಯಾರು, ಹೊಲವೇ ಇಲ್ಲದೆ ನೋಡುತ್ತ ನಿಂತವರು ಯಾರು ಎಂದು ಕೇಳಿಕೊಳ್ಳಬೇಕಾಗುತ್ತದೆ.

ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕ ಒಪ್ಪಿಕೊಂಡಿದ್ದಾನೆ, ಉಪಾಸಕನಾದ ಮೇಲೂ ಮೊದಮೊದಲು ತಾನು ಅಷ್ಟು ಶ್ರಮಪಡಲಿಲ್ಲವೆಂದು. ನನ್ನದು ಇನ್ನೂ ಕಡೆ. ಸುತ್ತಗಳನ್ನು ಬಾಯಿಪಾಠ ಮಾಡಿದವಳು, ನೀನು ಏನು ಉಂಡು ಬೆಳೆದಿ ಎಂದು ಹೆತ್ತವಳನ್ನು ಒಮ್ಮೆಯೂ ಕೇಳಿರಲಿಲ್ಲ. ಶಾಲೆಯಲ್ಲಿ ನಾನೇ ಮಕ್ಕಳಿಗೆ 'ಕಳೆಗಳು' ಎಂಬ ಪಟ್ಟಿಯಲ್ಲಿ ತಗಚಿಯನ್ನು ಬರೆಸಿದ್ದೆ. ಮೊನ್ನೆ ಆ ಸಾಲು ತಿದ್ದಿಸಿದೆ. ಒಬ್ಬ ಹುಡುಗಿ ತಲೆ ತಗ್ಗಿಸಿಕೊಂಡೇ, "ನಮ್ಮ ಮನ್ಯಾಗ ಮಾಡ್ತಾರ್ರೀ ಟೀಚರ್" ಎಂದಳು.

ನಿನ್ನೆ ರಾತ್ರಿ ಅವ್ವನಿಗೆ ಫೋನು ಮಾಡಿ, ಶಾಲೆಯ ಹಿಂದೆ ಭರಪೂರ ತಗಚಿ ಎದ್ದಿದೆ ಎಂದೆ.

"ಹೂ ಬಿಡೂದ್ರಾಗ ಕಿತ್ಕೋ" ಎಂದಳು. "ಕುಡಿ ಅಷ್ಟ ಚೂಟು. ಬಳ್ಳೊಳ್ಳಿ ಜಾಸ್ತಿ ಹಾಕು."