ಎರಡು ಅರ್ಜಿ ಫಾರಂಗಳ ನಡುವೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ಭಾನುವಾರದ ಎರಡನೇ ಪೂಜೆ ಮುಗಿಸಿ ಬರುವಷ್ಟರಲ್ಲಿ ದಂಪತಿಗಳಿಬ್ಬರು ಗುರುಮನೆಯ ಜಗಲಿಯಲ್ಲಿ ಕಾದಿದ್ದರು. ತಂದೆಯ ಕೈಯಲ್ಲಿ ಎರಡು ಅರ್ಜಿ ಫಾರಂ. ಒಂದು ಊರಿನ ಪದವಿಪೂರ್ವ ಕಾಲೇಜಿನದು. ಇನ್ನೊಂದು ದೂರದ, ಹಾಸ್ಟೆಲ್ ಇರುವ, ಪಿಯುಸಿ ಪಾಠದ ಜೊತೆಗೇ ನೀಟ್ ಕೋಚಿಂಗ್ ಕೊಡುವ ಕಾಲೇಜಿನದು. "ಯಾವುದು ಒಳ್ಳೆಯದು, ನೀವೇ ಹೇಳಿಬಿಡಿ ಫಾದರ್" ಎಂದರು. ಮಗಳು ಸ್ವಲ್ಪ ದೂರದಲ್ಲಿ, ಗಂಟೆಗೋಪುರದ ನೆರಳಲ್ಲಿ ನಿಂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ.

ಪ್ರಿಯ ತಂದೆತಾಯಂದಿರೇ, ಇಂಥ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿದೆ. ಅರಿಸ್ಟಾಟಲ್ ಒಂದು ಸಂಗತಿಯನ್ನು ಗುರುತಿಸಿದ್ದಾನೆ. ವೈದ್ಯನಾದವನು ರೋಗಿಯನ್ನು ಗುಣಪಡಿಸಬೇಕೋ ಬೇಡವೋ ಎಂದು ಆಲೋಚಿಸುತ್ತಾ ಕೂರುವುದಿಲ್ಲ. ಹೇಗೆ ಗುಣಪಡಿಸಲಿ ಎಂದು ಆಲೋಚಿಸುತ್ತಾನೆ. ಗುರಿ ಮೊದಲೇ ನಿಶ್ಚಯವಾಗಿರುತ್ತದೆ, ಆಯ್ಕೆ ನಡೆಯುವುದು ಮಾರ್ಗಗಳ ನಡುವೆ. ಸಂತ ತೋಮಸ್ ಅಕ್ವಿನಾಸರೂ ಇದನ್ನು ಒಪ್ಪಿ ಮುಂದುವರಿಸಿದರು. ನಮ್ಮ ಮನೆಗಳ ಚರ್ಚೆಯೂ ಮಾರ್ಗದ ಬಗ್ಗೆಯೇ. ಇಂಟಿಗ್ರೇಟೆಡ್ ಕೋಚಿಂಗೋ, ಮಾಮೂಲಿ ಕಾಲೇಜೋ? ಆದರೆ ಆ ಗುರಿ ಯಾರದು, ಅದು ನಿಜಕ್ಕೂ ನಿಶ್ಚಯವಾಗಿದೆಯೇ ಎಂದು ಕೇಳುವುದನ್ನು ಮರೆತುಬಿಡುತ್ತೇವೆ.

ಕೋಚಿಂಗ್ ತಪ್ಪೆಂದು ನಾನು ಹೇಳುತ್ತಿಲ್ಲ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. 2025ರಲ್ಲಿ 180 ನಿಮಿಷಕ್ಕೆ 180 ಪ್ರಶ್ನೆಗಳಿದ್ದವು. ಆ ವೇಗ ಅಭ್ಯಾಸದಿಂದಲೇ ಬರಬೇಕು. ಬೆಳಿಗ್ಗೆ ಆರಕ್ಕೆ ಟ್ಯೂಷನ್, ನಂತರ ಕಾಲೇಜು, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಕೊನೆಯ ಬಸ್ಸು ಎಂದು ಓಡಾಡುವ ಮಗುವಿಗೆ, ಎಲ್ಲವೂ ಒಂದೇ ಆವರಣದಲ್ಲಿ ಸಿಗುವುದು ದೊಡ್ಡ ಉಪಕಾರ. ಇನ್ನೊಂದು ಕಡೆ, ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿಗೆ ಪಿಯುಸಿ ಅಂಕಗಳ ಪಾಲು ಅರ್ಧದಷ್ಟಿರುವುದರಿಂದ, ಊರ ಕಾಲೇಜಿನಲ್ಲಿ ಶ್ರದ್ಧೆಯಿಂದ ಓದುವವರಿಗೂ ದಾರಿಯಿದೆ. ಎರಡಕ್ಕೂ ಕಾರಣಗಳಿವೆ. ಇದು ವಿವೇಕಕ್ಕೆ ಬಿಟ್ಟ ವಿಷಯ. ಇಬ್ಬರು ಒಳ್ಳೆಯ ತಂದೆಯರು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು.

ಆದರೆ ವಿವೇಕಕ್ಕೆ ಬಿಡಲಾಗದ ಒಂದು ವಿಷಯವೂ ಇದರಲ್ಲಿ ಸೇರಿಕೊಂಡಿದೆ. ಕೆಲವು ಕಡೆ ಹೆಸರು ಒಂದು ಕಾಲೇಜಿನ ಹಾಜರಿ ಪುಸ್ತಕದಲ್ಲಿರುತ್ತದೆ, ಮಗು ಮಾತ್ರ ದಿನವಿಡೀ ಕೋಚಿಂಗ್ ಕೇಂದ್ರದಲ್ಲಿರುತ್ತದೆ. ಕಾಣದ ತರಗತಿಗೆ ಹಾಜರಿ, ಮಾಡದ ಪ್ರಯೋಗಕ್ಕೆ ಅಂಕ. ಇದನ್ನು ತಡೆಯಲೆಂದೇ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಶಾಲಾ ವೇಳೆಯಲ್ಲಿ ಕೋಚಿಂಗ್ ನಡೆಸಬಾರದು, ದಿನಕ್ಕೆ ಐದು ಗಂಟೆ ಮೀರಬಾರದು ಎಂದು ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಸಿಬಿಎಸ್‌ಇ ಇಂಥ 21 ಶಾಲೆಗಳ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. "ಎಲ್ಲರೂ ಮಾಡುತ್ತಾರೆ ಫಾದರ್, ಮಗುವಿನ ಭವಿಷ್ಯಕ್ಕಾಗಿ" ಎನ್ನುತ್ತಾರೆ. ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಸುಳ್ಳು ಸತ್ಯವಾಗದು. ನಾಳೆ ರೋಗಿಯ ಚೀಟಿಯ ಮೇಲೆ ಸಹಿ ಹಾಕಬೇಕಾದ ಕೈಗೆ, ಸಹಿಗೆ ಬೆಲೆಯಿಲ್ಲ ಎಂಬ ಮೊದಲ ಪಾಠವನ್ನು ಹೆತ್ತವರೇ ಕಲಿಸಿದಂತಾಗುತ್ತದೆ. ಇಲ್ಲಿ ಲಾಭನಷ್ಟದ ತಕ್ಕಡಿ ಹಿಡಿಯುವಂತಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಎಂಥ ಕೋಚಿಂಗ್ ಕೊಟ್ಟರೂ ಸುಮಾರು ಇಪ್ಪತ್ತು ಮಂದಿಯಲ್ಲಿ ಹತ್ತೊಂಬತ್ತು ಮಂದಿಗೆ ಸೀಟು ಸಿಗುವುದಿಲ್ಲ. ಅದು ಮಕ್ಕಳ ಸೋಮಾರಿತನದಿಂದಲ್ಲ, ಸೀಟುಗಳೇ ಅಷ್ಟು. ಆದ್ದರಿಂದ ಆಯ್ಕೆಗೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಸೀಟು ಸಿಗದೇ ಹೋದರೆ ಈ ಎರಡು ವರ್ಷಗಳಲ್ಲಿ ಏನು ಉಳಿಯುತ್ತದೆ? ರಸಾಯನಶಾಸ್ತ್ರ ನಿಜವಾಗಿ ಅರ್ಥವಾಗಿದ್ದರೆ, ಕನ್ನಡದ ಪೀರಿಯಡ್ ನಡೆದಿದ್ದರೆ, ಗೆಳತಿಯರು ಸಿಕ್ಕಿದ್ದರೆ, ಸಂಜೆ ಒಂದಿಷ್ಟು ಆಡಿದ್ದರೆ ಬೇಕಾದಷ್ಟು ಉಳಿಯುತ್ತದೆ. ಎರಡು ವರ್ಷವೂ ಬರೀ ಏಣಿಯ ಮೆಟ್ಟಿಲಾಗಿದ್ದರೆ, ಏಣಿ ಜಾರಿದ ದಿನ ಕೈಯಲ್ಲಿ ಏನೂ ಇರುವುದಿಲ್ಲ. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂದು ಕಾಂಟ್ ಕಲಿಸಿದ. ಹದಿನಾರರ ಹುಡುಗಿಯನ್ನು ಇಪ್ಪತ್ತಾರರ ಡಾಕ್ಟರಮ್ಮನಿಗೆ ಸಾಧನವಾಗಿ ಬಳಸುವುದಕ್ಕೂ ಈ ಮಾತು ಸಲ್ಲುತ್ತದೆ.

ಹಾಗಾಗಿ ಕಾಲೇಜು ನೋಡಲು ಹೋದಾಗ ಗೋಡೆಯ ಮೇಲಿನ ರ್‍ಯಾಂಕಿನ ಫೋಟೋಗಳನ್ನಷ್ಟೇ ನೋಡಿ ಬರಬೇಡಿ. ಭಾಷೆಯ ತರಗತಿ ನಡೆಯುತ್ತದೆಯೇ? ಪ್ರಯೋಗಾಲಯದ ಬಾಗಿಲು ತೆರೆಯುತ್ತದೆಯೇ? ಅಂಕ ಇಳಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಮಗು ಮನೆಗೆ ಯಾವಾಗ ಫೋನ್ ಮಾಡಬಹುದು? ಇವನ್ನು ಕೇಳಿ.

ಎಲ್ಲಕ್ಕಿಂತ ಮೊದಲು ಮಗುವನ್ನೇ ಕೇಳಿ. ಗುರುದೀಕ್ಷೆಗೆ ಮುಂಚೆ ಅಭ್ಯರ್ಥಿಯು, ತಾನು ಸ್ವಇಚ್ಛೆಯಿಂದ ಈ ದೀಕ್ಷೆ ಸ್ವೀಕರಿಸುತ್ತಿದ್ದೇನೆಂದು ಸ್ವಹಸ್ತದಿಂದ ಬರೆದು ಸಹಿ ಮಾಡಬೇಕೆಂಬುದು ಧರ್ಮಸಭೆಯ ಕಾನೂನು. ನಾನೂ ಬರೆದುಕೊಟ್ಟಿದ್ದೇನೆ. ಹಲವು ವರ್ಷ ಸೆಮಿನರಿಯಲ್ಲಿ ಓದಿದವನನ್ನೂ ಧರ್ಮಸಭೆ ಹೀಗೆ ಕೇಳುತ್ತದೆ. ಅಂದಮೇಲೆ ಆಗಷ್ಟೇ ಹತ್ತನೇ ತರಗತಿ ಮುಗಿಸಿದವಳನ್ನು ನಾವು ಒಂದು ಮಾತೂ ಕೇಳದಿರುವುದು ನ್ಯಾಯವೇ?

ಆ ಭಾನುವಾರ ನಾನು ಹುಡುಗಿಯನ್ನು ಜಗಲಿಗೆ ಕರೆದೆ. ಊರ ಕಾಲೇಜು ಎನ್ನುತ್ತಾಳೆಂದು ನಾನು ಊಹಿಸಿದ್ದೆ. ಅವಳು ಹಾಸ್ಟೆಲಿನ ಫಾರಂ ಮುಟ್ಟಿದಳು. "ನನಗೆ ಡಾಕ್ಟರಾಗುವ ಆಸೆ ಇದೆ ಫಾದರ್. ಆದರೆ ಅಲ್ಲಿ ನನ್ನಿಂದ ಆಗದಿದ್ದರೆ ಮನೆಗೆ ವಾಪಸ್ ಬರಬಹುದಾ?" ಎಂದು ಅಪ್ಪನ ಮುಖ ನೋಡಿದಳು.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಶುಲ್ಕಕ್ಕಾಗಿ ಅವರು ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದು ನನಗೆ ಗೊತ್ತಿತ್ತು. ತಾಯಿ ಸೆರಗಿನ ತುದಿ ಹಿಡಿದು ನಿಂತಿದ್ದರು. ಕೊನೆಗೆ ತಂದೆ, "ಬಾ ಮಗಳೇ, ಯಾವತ್ತು ಬೇಕಾದರೂ ಬಾ. ಸಾಲದ ವಿಚಾರ ನನಗಿರಲಿ" ಎಂದರು.

ಯಾವ ಫಾರಂ ತುಂಬುತ್ತೀರೋ ನಿಮಗೆ ಬಿಟ್ಟದ್ದು. ತುಂಬುವ ಮುಂಚೆ ನಿಮ್ಮ ಮಗುವಿಗೆ ಈ ಉತ್ತರ ಕೊಟ್ಟಿದ್ದೀರಾ?