ಎಡಕ್ಕೆ ವಾಲಿದ ದಾರಿ

ಬೀದರಿನ ತಂಪು ಬೆಳಗು. ಪಂಕ್ಚರ್ ಅಂಗಡಿಯ ಚಾಚಾ ಕಾರಿನ ಮುಂದಿನ ಎಡ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು ಬೆರಳಾಡಿಸಿದರು. ‘ಒಂದೇ ಬಾಜೂ ತಿಂದದ ನೋಡ್ರಿ’ ಎಂದರು. ಹೊರ ಅಂಚು ನುಣುಪು. ಒಳ ಅಂಚಿನ ಗೆರೆಗಳು ಇನ್ನೂ ಆಳ. ಭಾಲ್ಕಿಗೂ ಔರಾದಿಗೂ ಓಡಾಡಿದ ಚಕ್ರ ಅದು. ಗುಂಡಿಗೆ ಬಿದ್ದ ನೆನಪಿಲ್ಲ, ಪೆಟ್ಟಿನ ಗುರುತಿಲ್ಲ.

ದಾರಿ ಸಮತಲವೆಂಬುದು ನಮ್ಮ ನಂಬಿಕೆ. ಆದರೆ ಡಾಂಬರು ರಸ್ತೆಯ ನಡು ಎತ್ತರ, ಅಂಚು ತಗ್ಗು. ಮೀಟರಿಗೆ ಸುಮಾರು 2 ಸೆಂಟಿಮೀಟರಿನ ಇಳುಕಲು. ನಾವು ಎಡಬದಿಯ ಪಥಿಕರು. ಹಾಗಾಗಿ ಕಾರಿನ ಎಡ ಚಕ್ರ ಬಲ ಚಕ್ರಕ್ಕಿಂತ ಸುಮಾರು 3 ಸೆಂಟಿಮೀಟರ್ ಕೆಳಗೇ ಓಡುತ್ತದೆ. ಭಾರ ಕಿಂಚಿತ್ ಅತ್ತ ಸರಿಯುತ್ತದೆ. ನಮ್ಮ ಕೈ, ನಮಗರಿವಿಲ್ಲದೆ, ಸ್ಟೇರಿಂಗನ್ನು ತುಸು ಬಲಕ್ಕೆ ಹಿಡಿದಿರುತ್ತದೆ. ಊರ ನಡುವಿನ ಚೌಬಾರ ಗೋಪುರವನ್ನು ಬಳಸಿ ಬಲಕ್ಕೆ ಹೊರಳುವಾಗಲೂ ಒತ್ತಡ ಎಡ ಚಕ್ರದ ಹೊರ ಅಂಚಿಗೇ. ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲ ದಾಟಿ ಔರಾದಿನ ಎರೆನೆಲ ಸೇರಿದರೆ ವಾಲಿಕೆ ಇನ್ನೂ ಹೆಚ್ಚು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ರಸ್ತೆಯ ಅಂಚು ಮೆಲ್ಲಗೆ ಕುಸಿಯುತ್ತದೆ.

ಆದರೂ ಇಳುಕಲು ದೋಷವಲ್ಲ, ಕರುಣೆ. ಮಳೆನೀರು ನಿಲ್ಲದಿರಲಿ, ಯಾರೂ ಜಾರದಿರಲಿ ಎಂಬ ಸದಾಶಯ. ಇಳಿಜಾರನ್ನು ನಂಬಿ ನೀರು ನಡೆಸುವ ವಿದ್ಯೆ ಈ ಊರಿಗೆ ಹಳೆಯದು; ನೌಬಾದಿನ ಕರೇಜ್ ಎಂಬ ಸುರಂಗ ಕಾಲುವೆ ಬಹಮನಿ ಕಾಲದಲ್ಲಿ ನೆಲದಡಿ ಹಾಗೆಯೇ ನೀರು ಹರಿಸಿತು.

ಸರ್ವರ ಹಿತಕ್ಕೆಂದು ಮಾಡಿದ ಏರ್ಪಾಡಿನಲ್ಲೂ ಒಂದು ಚಕ್ರ ತಗ್ಗಿನಲ್ಲಿ ಓಡುತ್ತದೆ. ನಮ್ಮ ಮನೆಗಳೂ ಹಾಗೆಯೇ. ಎಲ್ಲರ ಊಟ ಹೊತ್ತಿಗೆ ಸರಿಯಾಗಿ ಆಗಲೆಂದು ಒಬ್ಬರು ನಸುಕಿಗೇ ಏಳುತ್ತಾರೆ. ಎಲ್ಲರ ಮನಸ್ಸು ಶಾಂತವಿರಲೆಂದು ಒಬ್ಬರು ಮಾತು ನುಂಗುತ್ತಾರೆ. ಅಲ್ಲಿ ಕೇಡು ಬಗೆದವರು ಯಾರೂ ಇಲ್ಲ. ದೊಡ್ಡ ಆಘಾತಗಳನ್ನು ನಾವು ದಿನಾಂಕಸಹಿತ ನೆನೆಯುತ್ತೇವೆ. ನಿತ್ಯದ ಈ ಸಣ್ಣ ವಾಲಿಕೆ ಲೆಕ್ಕಕ್ಕೇ ಬರುವುದಿಲ್ಲ. ನಾವು ನೇರವಾಗಿಯೇ ಹೋಗುತ್ತಿದ್ದೆವಲ್ಲ! ಹೌದು, ನೇರವಾಗಿಯೇ. ಆ ನೇರಕ್ಕೆ ಸವೆದದ್ದು ಯಾವ ಅಂಚೆಂದು ಬಾಗಿ ನೋಡಿರಲಿಲ್ಲ, ಅಷ್ಟೆ.

ಚಾಚಾ ರಸ್ತೆಯನ್ನೂ ಬೈಯಲಿಲ್ಲ, ನಮ್ಮನ್ನೂ ಬೈಯಲಿಲ್ಲ. ಜಾಕ್ ಏರಿಸಿದರು. ಮುಂದಿನ ಎಡ ಚಕ್ರ ಬಿಚ್ಚಿ ಹಿಂದಿನ ಬಲಕ್ಕೆ ಹಾಕಿದರು. ಅಲ್ಲಿದ್ದದ್ದು ಮುಂದಿನ ಎಡಕ್ಕೆ ಬಂತು. ನಟ್ಟು ಬಿಗಿದು ಕೈ ಒರೆಸಿಕೊಳ್ಳುತ್ತಾ ಹೇಳಿದರು: ‘ಎಂಟ್ ಹತ್ತ್ ಸಾವಿರ ಕಿಲೋಮೀಟರ್ ಆದ್ಮ್ಯಾಲ ಮತ್ತ ಬರ್ರಿ, ಬದಲಿ ಮಾಡೂಣು.’